ಫ್ಲೆಕ್ಸ್ ಮೀಮಾಂಸೆ

ಪೀಠಿಕೆ

ಬೆಂಗಳೂರಿನ ಕಲಾವಿಮರ್ಶಕರ ಕುತ್ತಿಗೆ ಒಂದೇ ಕಡೆಗೆ ತಿರುಗುತ್ತದೆ. ವೆಂಕಟಪ್ಪ ಗ್ಯಾಲರಿ ಇರುವುದು ಕಸ್ತೂರಬಾ ರಸ್ತೆಯಲ್ಲಿ. 2009ರಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಅರಮನೆ ರಸ್ತೆಯಲ್ಲಿ. 2003ರಲ್ಲಿ ಶುರುವಾದ ಚಿತ್ರಸಂತೆಯ ಊರು ಕುಮಾರಕೃಪಾ ರಸ್ತೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆ ಕಲೆಯಿಲ್ಲವೇ ಎಂದರೆ, "ಅಲ್ಲಿ ಮಸಾಲೆ ದೋಸೆ ಚೆನ್ನಾಗಿರುತ್ತೆ" ಎನ್ನುತ್ತಾರೆ. ಈ ಅಪವಾದವನ್ನು ಖಂಡಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಲಕ್ಷಣ

1924ರಲ್ಲಿ ಆಂದ್ರೆ ಬ್ರೆತೋ ಪ್ಯಾರಿಸ್ಸಿನಲ್ಲಿ ಅತಿವಾಸ್ತವವಾದದ ಪ್ರಣಾಳಿಕೆ ಬರೆದ. 1931ರಲ್ಲಿ ಡಾಲಿ ಕರಗಿ ಜೋತುಬಿದ್ದ ಗಡಿಯಾರಗಳನ್ನು ಬರೆದು ಹೆಸರಾದ. ವಿಜಯನಗರದ ಮಾರುತಿ ಮಂದಿರದ ಸುತ್ತ ಒಂದು ಸುತ್ತು ಹಾಕಿಸಿದ್ದರೆ ಒಬ್ಬ ಲೇಖನಿಯನ್ನೂ ಇನ್ನೊಬ್ಬ ಕುಂಚವನ್ನೂ ಕೆಳಗಿಡುತ್ತಿದ್ದರು. ಅಲ್ಲಿನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಹಿಮಾಲಯದಿಂದ ಜಲಪಾತ ಧುಮುಕುತ್ತಿದೆ. ಅದರ ಬುಡದಲ್ಲಿ ವಿಧಾನಸೌಧ. ಮೆಟ್ಟಿಲ ಮೇಲೆ ಸಿಂಹ. ಸಿಂಹಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ, ಕೂಲಿಂಗ್ ಗ್ಲಾಸ್ ಹಾಕಿ ಮೊಬೈಲಿನಲ್ಲಿ ಮಾತಾಡುತ್ತಿರುವ ಅಣ್ಣನವರು. ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬುದು ವಿದ್ವಾಂಸರಿಗೆ ಇನ್ನೂ ಬಗೆಹರಿದಿಲ್ಲ.

ಪ್ರಮಾಣ

ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವೇ ಅಳತೆ. ಅದಕ್ಕೆ ತಾಲ ಎಂದು ಹೆಸರು. ನವತಾಲ ಮೂರ್ತಿಯ ಎತ್ತರ ಮುಖದ ಒಂಬತ್ತರಷ್ಟು. ಫ್ಲೆಕ್ಸ್ ಶಾಸ್ತ್ರದಲ್ಲಿ ಮುಖದ ಅಳತೆಯನ್ನು ಪದವಿ ನಿರ್ಧರಿಸುತ್ತದೆ. ಮೇಲ್ಸಾಲಿನ ನಾಯಕರು ತೆಂಗಿನಕಾಯಿ ಗಾತ್ರ, ಬಲಬದಿಯ ಮುಖಂಡರು ನಿಂಬೆಹಣ್ಣು, ಕೆಳಗಿನ ಪಟ್ಟಿಯಲ್ಲಿ "ಶುಭ ಕೋರುವವರು" ಎಂಬ ಹೆಸರಿನಡಿ ಸಾಲಾಗಿ ನಿಂತವರು ಅಡಿಕೆ. ಸಾಮಾನ್ಯರ ಕಣ್ಣಿಗೆ ಇದು ಹುಟ್ಟುಹಬ್ಬದವರ ಭಾವಚಿತ್ರ. ಅಲ್ಲ. ಹಣ ಕೊಟ್ಟವರು ಅಡಿಕೆಗಳು. ಮುಂದಿನ ವರ್ಷ ನಿಂಬೆಹಣ್ಣಾಗುವ ಆಸೆಯೇ ಕೃತಿಯ ಸ್ಥಾಯಿಭಾವ.

ಅನಾಥಹಸ್ತ ಪ್ರಕರಣ

ರಾಜಾಜಿನಗರದ ನವರಂಗ್ ಬಳಿ ಈ ಲೇಖಕನು ಒಂದು ಅಡಿಕೆಯನ್ನು ಹತ್ತಿರದಿಂದ ಪರಿಶೀಲಿಸಿದ್ದಾನೆ. ಬಿಳಿ ಅಂಗಿ, ಹಣೆಗೆ ಕುಂಕುಮ. ಎಡ ಹೆಗಲ ಮೇಲೆ ನಾಲ್ಕು ಬೆರಳು, ಒಂದಕ್ಕೆ ಉಂಗುರ. ಕೈಯಿಲ್ಲ, ಕೈಯ ಒಡೆಯನೂ ಇಲ್ಲ. ಕಿವಿಯ ಹಿಂದೆ ಯಾವುದೋ ಕಲ್ಯಾಣಮಂಟಪದ ಗುಲಾಬಿ ಪರದೆಯ ಚೂರು. ಮದುವೆಯ ಗುಂಪುಫೋಟೋದಿಂದ ಕತ್ತರಿಸಿ ತಂದ ಮುಖವಿದು. ಸ್ನೇಹಿತ ಹೋದ, ಬೆರಳು ಉಳಿದವು. ಇಂಥ ವಿಯೋಗ ಶೃಂಗಾರವನ್ನು ಯಾವ ಗ್ಯಾಲರಿ ತೋರಿಸೀತು?

ಕಲಾವಿದನ ಸಂದರ್ಶನಕ್ಕೆ ಬಸವೇಶ್ವರನಗರದ ಅಂಗಡಿಯೊಂದಕ್ಕೆ ಹೋದಾಗ, ಹುಡುಗ ಮೌಸಿನಿಂದ ಕೈ ತೆಗೆಯದೆ ಕೇಳಿದ: "ಬರ್ತ್‌ಡೇನಾ, ಶ್ರದ್ಧಾಂಜಲಿನಾ ಸಾರ್?" ವ್ಯತ್ಯಾಸವೇನು ಎಂದೆ. "ಬರ್ತ್‌ಡೇಗೆ ಸಿಂಹ, ಶ್ರದ್ಧಾಂಜಲಿಗೆ ದೀಪ. ಜಲಪಾತ ಎರಡಕ್ಕೂ ಬರತ್ತೆ." ಜನನ ಮರಣಗಳ ಅಭೇದವನ್ನು ಇಷ್ಟು ಚಿಕ್ಕದಾಗಿ ಯಾವ ಆಚಾರ್ಯರೂ ಹೇಳಿಲ್ಲ.

ಪೂರ್ವಪಕ್ಷ ಮತ್ತು ಖಂಡನೆ

"ಫ್ಲೆಕ್ಸ್ ನಿಷೇಧವಲ್ಲವೇ?" ಎಂದು ಆಕ್ಷೇಪಿಸುವವರಿದ್ದಾರೆ. ಹೌದು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತ್ತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದಾಗ ಪಾಲಿಕೆ ತರಾತುರಿಯಲ್ಲಿ ಊರೆಲ್ಲ ಕಿತ್ತುಹಾಕಿತು. ಆದ್ದರಿಂದ ಕಾನೂನಿನ ಪ್ರಕಾರ ಈ ಕೃತಿಗಳು ಇಲ್ಲ. ಇಲ್ಲದ್ದು ಎಂಟಡಿ ಅಗಲಕ್ಕೆ ಕಣ್ಣೆದುರು ನಿಂತು ನಗುತ್ತಿದ್ದರೆ ಅದನ್ನೇ ಅತಿವಾಸ್ತವ ಎನ್ನುವುದು. ಆಕ್ಷೇಪವೇ ನಮ್ಮ ಸಿದ್ಧಾಂತಕ್ಕೆ ಪುರಾವೆಯಾಯಿತು.

ಉಪಸಂಹಾರ

ಹದಿನಾರನೇ ಶತಮಾನದಲ್ಲಿ ಇಟಲಿಯ ಅರ್ಚಿಂಬೊಲ್ಡೊ ಚಕ್ರವರ್ತಿ ಎರಡನೇ ರುಡಾಲ್ಫನ ಮುಖವನ್ನು ಹಣ್ಣು ತರಕಾರಿಗಳಿಂದಲೇ ಬರೆದ. ನಮ್ಮಲ್ಲಿ ಅದು ತಲೆಕೆಳಗಾಗಿ ನಡೆಯುತ್ತದೆ. ಹುಟ್ಟುಹಬ್ಬ ಮುಗಿದ ಮೇಲೆ ಫ್ಲೆಕ್ಸ್ ತರಕಾರಿ ಗಾಡಿಯ ಮೇಲೇರುತ್ತದೆ. ಬದನೆಕಾಯಿಯ ಮೇಲೆ ಅಣ್ಣನವರ ಹುಬ್ಬು, ಸೊಪ್ಪಿನ ಮೇಲೆ ಅರ್ಧ ಮೀಸೆ. ಪಿವಿಸಿ ಹಾಳೆಯಾದ್ದರಿಂದ ಮಳೆ ಬಂದರೂ ಸೋರುವುದಿಲ್ಲ. ಆ ಮುಖದಿಂದ ಬಡಾವಣೆಗೆ ನೆರಳು ಸಿಕ್ಕಿದ್ದು ಅದೊಂದೇ ಸಲ.