ನಡೆಯುವ ಗ್ರೈಂಡರೂ ಜಾರುವ ಮೇಷ್ಟ್ರೂ

ನಮ್ಮ ಮನೆಯ ಗ್ರೈಂಡರ್‌ಗೆ ಶನಿವಾರ ಸಂಜೆ ವಾಕಿಂಗ್ ಹೋಗುವ ಅಭ್ಯಾಸ. ಡಾಕ್ಟರು ನನಗೂ ಅದನ್ನೇ ಹೇಳಿದ್ದಾರೆ, ಆದರೆ ಗ್ರೈಂಡರ್‌ಗಿರುವ ಶಿಸ್ತು ನನಗಿಲ್ಲ. ಉದ್ದು ಹಾಕುವಾಗ ಅದು ಸಿಂಕಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಸಾಧುವಿನಂತೆ ನಿಂತಿರುತ್ತದೆ. ಅಕ್ಕಿ ನುಣ್ಣಗಾಗುವ ಹೊತ್ತಿಗೆ ಗುಡುಗುಡು ಎನ್ನುತ್ತ ಬಾಗಿಲವರೆಗೆ ಬಂದು, ವೈರು ಬಿಗಿದು, ಪ್ಲಗ್ಗನ್ನು ತಾನೇ ಕಿತ್ತುಕೊಂಡು ಸುಮ್ಮನಾಗುತ್ತದೆ.

ನಾವಿರುವುದು ಕೊಯಮತ್ತೂರಿನಲ್ಲಿ. ಗ್ರೈಂಡರ್‌ಗೆ ಇದೇ ತವರು. 1955ರಲ್ಲಿ ಪಿ. ಸಭಾಪತಿ ಎಂಬುವರು ಒರಳಿಗೆ ಮೋಟರು ಕೂಡಿಸಿ ಅದಕ್ಕೆ ಜನ್ಮ ಕೊಟ್ಟದ್ದು ಇಲ್ಲೇ. ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೆ ಭೌಗೋಳಿಕ ಸೂಚನೆಯ ಮುದ್ರೆಯೂ ಬಿದ್ದಿದೆ. ಬೀದಿಗೊಬ್ಬ ಮೋಟರು ಮೆಕ್ಯಾನಿಕ್ ಸಿಗುವ ಊರು. ಒಬ್ಬನನ್ನು ಕರೆದಿದ್ದರೆ ಐದು ನಿಮಿಷದ ಕೆಲಸ. ಆದರೆ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ರಿಟೈರಾದ ಮೇಷ್ಟ್ರು ಮೆಕ್ಯಾನಿಕ್ಕನ್ನು ಕರೆಯುವುದುಂಟೆ?

ಸೀಮೆಸುಣ್ಣ ತಂದು ಗ್ರೈಂಡರ್ ಸುತ್ತ ನೆಲದ ಮೇಲೆ ಒಂದು ವೃತ್ತ ಎಳೆದೆ.

“ರಂಗೋಲಿಗೆ ಚುಕ್ಕಿ ಬೇಡವೇನ್ರೀ?” ಎಂದಳು ಹೆಂಡತಿ.

“ಇದು ವ್ಯೂಹ. ಗೆರೆಯ ಒಳಗೆ ಮೋಟರು, ಬೆಲ್ಟು, ಪಾತ್ರೆ, ಗುಂಡು, ಉದ್ದು. ಇವು ಒಂದನ್ನೊಂದು ಎಷ್ಟೇ ನೂಕಾಡಲಿ, ಎಲ್ಲವೂ ಆಂತರಿಕ ಬಲ. ಗುಂಡು ಪಾತ್ರೆಯನ್ನು ಎಷ್ಟು ನೂಕುತ್ತದೋ ಪಾತ್ರೆಯೂ ಗುಂಡನ್ನು ಅಷ್ಟೇ ನೂಕುತ್ತದೆ. ಲೆಕ್ಕ ಚುಕ್ತಾ. ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದಾನೆ. ಒಳಗಿನವರ ಜಗಳದಿಂದ ಇಡೀ ವ್ಯೂಹ ಒಂದಿಂಚೂ ಕದಲುವುದಿಲ್ಲ.”

“ಕದಲುವುದಿಲ್ಲ ಅಂದರೆ ಬಾಗಿಲಿಗೆ ಹೇಗೆ ಬಂತು?”

“ನೆಲ! ನೆಲದ ಘರ್ಷಣೆ ಗೆರೆಯ ಹೊರಗಿನದು, ಅದು ಬಾಹ್ಯ ಬಲ. ಗ್ರೈಂಡರನ್ನು ನಡೆಸುತ್ತಿರುವುದು ಮೋಟರಲ್ಲ, ನೆಲ.”

“ಸರಿ. ಕರೆಂಟ್ ಬಿಲ್ಲೂ ನೆಲವೇ ಕಟ್ಟಲಿ.”

ಮಾತು ಅಸಂಬದ್ಧವೇನಲ್ಲ. ಶಕ್ತಿ ಬರುವುದು ವೈರಿನಿಂದ, ಮುಂದಕ್ಕೆ ದೂಡುವುದು ನೆಲ. ಎರಡೂ ಬೇರೆ ಬೇರೆ ಖಾತೆ. ನಮ್ಮ ಗ್ರೈಂಡರ್‌ಗೆ ಒಂದು ರಬ್ಬರ್ ಕಾಲು ಉದುರಿ ವರ್ಷವಾಗಿದೆ. ಪಾತ್ರೆ ತಿರುಗಿದಂತೆ ಇಡೀ ಯಂತ್ರ ಓಲಾಡುತ್ತದೆ. ಭಾರ ಹಗುರಾದ ಕಾಲು ಜಾರುತ್ತದೆ, ಭಾರ ಬಿದ್ದ ಕಾಲು ನೆಲವನ್ನು ಕಚ್ಚಿಕೊಳ್ಳುತ್ತದೆ. ಜಾರು, ಕಚ್ಚು, ಜಾರು, ಕಚ್ಚು. ನಾವು ನಡೆಯುವುದೂ ಹೆಚ್ಚುಕಮ್ಮಿ ಹಾಗೆಯೇ. ಇದನ್ನೆಲ್ಲ ವಿವರಿಸುವಷ್ಟರಲ್ಲಿ ಅವಳು ಮೊದಲ ಒಬ್ಬೆ ಹಿಟ್ಟು ತೆಗೆದು ಉಪ್ಪು ಹಾಕಿ ಕಲಸಿಯಾಗಿತ್ತು.

ಹೆಂಡತಿ ಕೊಳ್ಳೇಗಾಲದವಳು. ನಾವಿಬ್ಬರೂ ದೇವಾಂಗರು, ಎರಡೂ ಕಡೆ ನೇಯ್ಗೆಯ ಮನೆತನ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ವೃತ್ತವನ್ನು ಒಂದು ಗಳಿಗೆ ನೋಡಿ ಕೇಳಿದಳು: “ಈ ಗೆರೆ ಎಲ್ಲಿ ಎಳೀಬೇಕು ಅಂತ ಯಾರು ಹೇಳ್ತಾರೆ?”

“ಯಾರೂ ಹೇಳುವುದಿಲ್ಲ, ನಮ್ಮಿಷ್ಟ. ನೆಲವನ್ನೂ ಸೇರಿಸಿ ಎಳೆದರೆ ಅದೇ ಘರ್ಷಣೆ ಆಂತರಿಕ ಬಲ ಆಗಿಬಿಡುತ್ತದೆ.”

“ನಮ್ಮೂರಿಗೆ ಮಾಡಿದ ಹಾಗೆ ಅನ್ನಿ. 1956ರ ತನಕ ಕೊಳ್ಳೇಗಾಲ ನಿಮ್ಮ ಕೊಯಮತ್ತೂರು ಜಿಲ್ಲೆ ಒಳಗೇ ಇತ್ತಂತೆ. ಆಮೇಲೆ ಗೆರೆ ಬದಲಾಯ್ತು, ಮೈಸೂರಿಗೆ ಸೇರಿತು. ನಮ್ಮಜ್ಜನ ಮಗ್ಗ ಮಾತ್ರ ಇದ್ದಲ್ಲೇ ಇತ್ತು.”

ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆಯದ ಉದಾಹರಣೆ. ಸಹಜವಾಗಿಯೇ ಸಿಟ್ಟು ಬಂತು. ಪ್ರಯೋಗ ಮಾಡಿಯೇ ತೋರಿಸುತ್ತೇನೆ ಎಂದು ತೀರ್ಮಾನಿಸಿದೆ. ಘರ್ಷಣೆಯನ್ನೇ ತೆಗೆದುಬಿಟ್ಟರೆ ಗ್ರೈಂಡರ್ ನಿಂತಲ್ಲೇ ಕುಣಿಯಬೇಕು, ಮುಂದಕ್ಕೆ ಹೋಗಬಾರದು. ಸ್ವಿಚ್ಚು ಹಾಕಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಅರ್ಧ ಬಕೆಟ್ ನೆಲಕ್ಕೆ ಸುರಿದೆ. ಅವಳು ಹೊಸ್ತಿಲಾಚೆ ನಿಂತಳು. ತಡೆಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ತಡೆಯುವುದರಿಂದ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತು.

ಸಿದ್ಧಾಂತ ಗೆದ್ದಿತು. ಗ್ರೈಂಡರ್ ಅತ್ತಿತ್ತ ನಡುಗಿತೇ ಹೊರತು ಮುಂದೆ ಬರಲಿಲ್ಲ. “ನೋಡಿದೆಯಾ!” ಎನ್ನುತ್ತ ಕೈಯಲ್ಲಿದ್ದ ಸೌಟನ್ನು ಎತ್ತಿ ತಿರುಗಿದೆ. ಆಗ ನೆನಪಾಯಿತು, ನಾನೂ ಅದೇ ನೆಲದ ಮೇಲೆ ನಿಂತಿದ್ದೇನೆ ಎಂದು.

ಕೂತೆ. ಕೂರಬೇಕೆಂದು ಕೂತದ್ದಲ್ಲ.

ಏಳಲು ಕೈ ಊರಿದರೆ ಕೈ ಜಾರುತ್ತದೆ, ಕಾಲು ಊರಿದರೆ ಕಾಲು. ಮಂಡಿ, ಸೊಂಟ, ಭುಜ ಎಲ್ಲವೂ ಶಕ್ತಿಮೀರಿ ದುಡಿದವು, ಆದರೆ ಎಲ್ಲವೂ ಆಂತರಿಕ. ಸ್ಕೂಟರ್ ಓಡಿಸುವುದು ಅವಳೇ; ಗಾಂಧಿಪುರಂ ಮೇಲ್ಸೇತುವೆ ಹತ್ತುವಾಗ ನಾನು ಹಿಂದೆ ಕೂತು ಗಾಡಿಗೆ ಸಹಾಯವಾಗಲೆಂದು ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿಯುತ್ತೇನೆ. ಅಷ್ಟೇ ಪ್ರಯೋಜನ ಇದರಿಂದಲೂ ಆಯಿತು.

ಪಾಠದಲ್ಲಿ ಇದಕ್ಕೊಂದು ಉಪಾಯವಿದೆ. ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಬಿದ್ದವನು ಬೂಟನ್ನು ಒಂದು ಕಡೆ ಎಸೆದರೆ ತಾನು ಇನ್ನೊಂದು ಕಡೆ ಜಾರಿ ದಡ ಸೇರುತ್ತಾನೆ. ಜ್ಯೂಸ್ ಅಂಗಡಿಯ ಐಸು ಬಿಟ್ಟರೆ ಬೇರೆ ಮಂಜುಗಡ್ಡೆ ಕಾಣದ ಮಕ್ಕಳಿಗೆ ಪ್ರತಿವರ್ಷ ಇದನ್ನು ಬರೆಸಿ ಐದು ಅಂಕ ಕೊಟ್ಟಿದ್ದೇನೆ. ಸೌಟನ್ನು ಸಿಂಕಿನ ಕಡೆಗೆ ಬೀಸಿ ಎಸೆದೆ. ಎಸೆದ ಮೇಲೆ ಲೆಕ್ಕ ಹಾಕಿದೆ: ಸೌಟು 100 ಗ್ರಾಂ, ಮೇಷ್ಟ್ರು 82 ಕಿಲೋ, ಸೌಟು ಸೆಕೆಂಡಿಗೆ 8 ಮೀಟರ್ ಹೋದರೆ ಮೇಷ್ಟ್ರಿಗೆ ದಕ್ಕುವುದು ಸೆಕೆಂಡಿಗೆ 1 ಸೆಂಟಿಮೀಟರ್, ಅದೂ ಸೋಪಿನಲ್ಲಿ ಚೂರೂ ಘರ್ಷಣೆ ಉಳಿದಿಲ್ಲದಿದ್ದರೆ. ಉಳಿದಿತ್ತು. ನಾನು ಕೂತಲ್ಲೇ ಇದ್ದೆ. ಸೌಟು ಮಾತ್ರ ಪಾತ್ರೆಗಳ ಸ್ಟ್ಯಾಂಡನ್ನು ಹುಡುಕಿಕೊಂಡು ಹೋಯಿತು.

ಸದ್ದೆಲ್ಲ ಅಡಗಿದ ಮೇಲೆ ಅವಳು ನೆಲ ಒರೆಸುವ ಕೋಲನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಒಂದೇ ಎಳೆತಕ್ಕೆ, ಅಂಗಳದಲ್ಲಿ ಅಕ್ಕಿಮೂಟೆ ಎಳೆದಂತೆ, ಹೊಸ್ತಿಲಿಗೆ ಬಂದೆ. ಹಿಂತಿರುಗಿ ನೋಡಿದರೆ ಸೀಮೆಸುಣ್ಣದ ವೃತ್ತ ಸೋಪಿನ ನೀರಿನಲ್ಲಿ ತೊಳೆದುಹೋಗಿತ್ತು.

ನೆಲ ಒಣಗಿದ ಮೇಲೆ ಅವಳು ಹಿತ್ತಲಿನಿಂದ ಒಂದು ಹಳೇ ಗೋಣಿಚೀಲ ತಂದು, ನೆನೆಸಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಗ್ರೈಂಡರ್ ಕೆಳಗೆ ತೂರಿಸಿದಳು. ಸ್ವಿಚ್ಚು ಹಾಕಿದಳು. ಗ್ರೈಂಡರ್ ನಿಂತಲ್ಲೇ ನಿಂತು ಅಕ್ಕಿ ರುಬ್ಬಿತು.

“ಇದು ಮೊದಲೇ ಗೊತ್ತಿತ್ತಾ?”

“ಮಗ್ಗದ ಕಂಬ ನೆಲದಲ್ಲಿ ಹೂಳೋದು ಯಾಕೆ ಅಂದುಕೊಂಡಿದ್ದೀರಿ? ಲಾಳಿ ಅತ್ತ ಹಾರಿದಾಗ ಮಗ್ಗ ಇತ್ತ ಬರಬಾರದಲ್ಲ.”

“ಅಂದರೆ ಅದೇ ಘರ್ಷಣೆ! ನಡೆಸಿದ್ದೂ ಅದೇ, ನಿಲ್ಲಿಸಿದ್ದೂ ಅದೇ. ಕಾಲು ಜಾರುವುದಕ್ಕೇ ಬಿಡದಿದ್ದರೆ...”

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ತೆರೆದು, ನನ್ನ ಚಪ್ಪಲಿಯನ್ನು ಹೊರಗಿನ ಮೆಟ್ಟಿಲ ಮೇಲೆ ಜೋಡಿಸಿಟ್ಟಳು.

“ಗ್ರೈಂಡರ್ ವಾಕಿಂಗ್ ಬಿಟ್ಟಾಯ್ತು. ಇನ್ನು ನೀವು ಹೊರಡಿ.”