ಮಟಕಿಯ ಕೂರಿಗೆ ಕೊಟ್ಟ ಸಾಕ್ಷಿ

ಹೊಸ ಬಿತ್ತನೆ ಯಂತ್ರಕ್ಕೆ ಪೇಟೆಂಟ್ ಬೇಕೆನ್ನುವವರು ಹಳೆಯ ದಾಖಲೆ ಹುಡುಕುವ ಮೊದಲು ಕೂರಿಗೆಯನ್ನು ವಿಚಾರಿಸುವುದು ಕ್ಷೇಮ. ಆಳಂದ ತಾಲೂಕಿನ ಮಟಕಿಯಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಯ ಮೂಲೆ ಸೇರಿದ ಮೂರು ತಾಳಿನ ಕೂರಿಗೆಯೊಂದಕ್ಕೆ ಈಗ ಬೇಕಾದಷ್ಟು ಬಿಡುವಿದೆ.

ಮೊದಲ ತಯಾರಿ ಏನು?

“ಕಂಪ್ಯೂಟರ್ ಆಮ್ಯಾಲ ಮುಟ್ರಿ. ಒಂದ್ ಹಾಳ್ಯಾಗ ನಿಮ್ ಯಂತ್ರ ಬಿಡಿಬಿಡಿ ಮಾಡಿ ಬರೀರಿ. ಬೀಜ ಹಾಕೋ ಬಟ್ಟಲ, ಬೀಜ ಇಳಿಯೋ ಕೊಳವಿ, ನೆಲ ಸೀಳೋ ತಾಳು, ಇವೆಲ್ಲ ನನ್ ಮೈಮ್ಯಾಗ ಅವ. ಅವನ್ನ ಹೊಡದ್ ಹಾಕ್ರಿ. ಉಳದದ್ದು ನಿಮ್ದು. ಬರೇ ಬಣ್ಣ ಉಳೀತಂದ್ರ ಮನಿಗೆ ಹೋಗ್ರಿ.”

ಉಳಿದದ್ದು ಚಿಕ್ಕದಿರಬಹುದು: ಸಮ ಅಂತರಕ್ಕೆ ಒಂದೊಂದೇ ತೊಗರಿ ಕಾಳು ಬೀಳಿಸುವ ಬಿಲ್ಲೆ, ಅಷ್ಟೇ. ಹುಡುಕಬೇಕಾದದ್ದು ಆ ಬಿಲ್ಲೆಯನ್ನು, ಇಡೀ ಯಂತ್ರವನ್ನಲ್ಲ.

ತಾವೇಕೆ ಪೇಟೆಂಟ್ ಪಡೆಯಲಿಲ್ಲ?

“ಯಾರ್ ಕೇಳ್ಯಾರ? ಜೆತ್ರೊ ಟಲ್ ಸಾಹೇಬ್ರು 1701ರ ಸುಮಾರಿಗೆ ಇಂಗ್ಲೆಂಡ್‌ನಾಗ ಬಿತ್ತೋ ಯಂತ್ರ ಮಾಡಿ ಹೆಸರಾದ್ರು. 1790ರ ದಶಕದಾಗ ಕ್ಯಾಪ್ಟನ್ ಹ್ಯಾಲ್ಕಾಟ್ ಅಂಬೋರು ದಕ್ಷಿಣ ಭಾರತದ ಹೊಲದಾಗ ನಮ್ ಬಳಗ ನೋಡಿ, ಇದು ಯುರೋಪಿನ ಹೊಸ ಶೋಧ ಅಂತ ತಿಳಿದಿದ್ದೆ ಅಂತ ಬ್ರಿಟನ್ನಿನ ಕೃಷಿ ಮಂಡಳಿಗೆ ಕಾಗದ ಬರದ್ರು. ಅದೇ ನನ್ ಸರ್ಟಿಫಿಕೇಟು.”

ಹುಡುಕುವುದು ಯಾವ ಹೆಸರಿನಲ್ಲಿ?

“ಕೂರಿಗಿ ಅಂತ ಹೊಡದ್ರ ನಾ ಸಿಗಂಗಿಲ್ಲ. ಗಡಿ ದಾಟಿದ್ರ ಮರಾಠ್ಯಾಗ ತಿಫಣ, ತೆಲುಗಿನ್ಯಾಗ ಗೊರ್ರು. ವಕೀಲರ ಬಾಯಾಗ ‘ಬೀಜ ವಿತರಣಾ ಸಾಧನ’. ನನಗs ಗುರುತು ಹತ್ತಲಿಲ್ಲ.”

ಇದಕ್ಕೆ ಪರಿಹಾರ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣ. ಬಿತ್ತನೆಗೆ ಅಲ್ಲಿ ಎ01ಸಿ 7 ಎಂಬ ಗುಂಪಿದೆ. ಕರೆಯುವ ಹೆಸರು ಯಾವುದಾದರೂ ಆಗಲಿ, ಸಂಖ್ಯೆ ಅದೇ. ಸೀಡ್ ಡ್ರಿಲ್, ಸೀಡರ್, ಪ್ಲಾಂಟರ್ ಮುಂತಾದ ಪದಗಳ ಪಟ್ಟಿ, ಜೊತೆಗೆ ಈ ಸಂಖ್ಯೆ ಇಟ್ಟುಕೊಂಡು ಭಾರತದ ಪೇಟೆಂಟ್ ಕಚೇರಿಯ ‘ಇನ್‌ಪಾಸ್’, ಯುರೋಪಿನ ‘ಎಸ್ಪಾಸ್‌ನೆಟ್’ ಎರಡನ್ನೂ ಜಾಲಾಡಬಹುದು. ಎರಡೂ ಬಿಟ್ಟಿ.

ಅಲ್ಲಿ ಸಿಗದಿದ್ದರೆ ಗೆದ್ದಂತೆಯೇ?

“ಅವಸರ ಬ್ಯಾಡ. ಅರ್ಜಿ ಹಾಕಿ ಸಾಮಾನ್ಯವಾಗಿ 18 ತಿಂಗಳು ಅದು ಹೊರಗ ಕಾಣಂಗಿಲ್ಲ. ಬಾಜೂ ಊರಾಂವ ನಿನ್ನೆ ಹಾಕಿದ್ರ ನಿಮಗ ಹ್ಯಾಂಗ ತಿಳೀತದ? ಮತ್ತ ಕಾಗದದಾಗ ಇಲ್ಲದ್ದು ಹೊಲದಾಗ ಇರ್ತದ.”

ಈ ಕೊನೆಯ ಮಾತಿಗೆ ಕಾನೂನಿನ ಬಲವಿದೆ. 1970ರ ಪೇಟೆಂಟ್ ಕಾಯಿದೆಯ 25ನೇ ಕಲಮಿನಂತೆ, ದೇಶದಲ್ಲಿ ಮೊದಲೇ ಬಳಕೆಯಲ್ಲಿದ್ದದ್ದು, ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿ ಉಳಿದ ತಿಳಿವಳಿಕೆ, ಇವನ್ನೂ ಆಧಾರವಾಗಿಟ್ಟು ಯಾರು ಬೇಕಾದರೂ ಅರ್ಜಿಗೆ ತಕರಾರು ಸಲ್ಲಿಸಬಹುದು. ಆದ್ದರಿಂದ ಹುಡುಕಾಟದ ಪಟ್ಟಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ವರದಿಗಳ ಜೊತೆ ಊರ ಬಡಿಗರೂ ಕಮ್ಮಾರರೂ ಇರಬೇಕು. ಅವರಿಂದ ಕೇಳಿ ತಿಳಿಯಬೇಕೇ ಹೊರತು ತನ್ನ ಯಂತ್ರದ ಗುಟ್ಟು ಬಿಚ್ಚಬಾರದು.

“ಕೃಷಿಮೇಳದಾಗೂ ಬಿಚ್ಚಬ್ಯಾಡ್ರಿ,” ಎಂದಿತು ಕೂರಿಗೆ. “ಅರ್ಜಿಗಿಂತ ಮೊದ್ಲ ಜಾತ್ರ್ಯಾಗ ತೋರಿಸಿದ್ರ ನಿಮ್ ಯಂತ್ರಕ್ಕ ನಿಮ್ ಯಂತ್ರನೇ ಸಾಕ್ಷಿ ಹೇಳ್ತದ. ಮೊದ್ಲ ಚೆನ್ನೈ ಕಚೇರಿಗೆ ತಾತ್ಕಾಲಿಕ ಅರ್ಜಿ ಒಗೀರಿ. ಪೂರ್ತಿ ವಿವರ ಕೊಡ್ಲಿಕ್ಕ 12 ತಿಂಗಳ ವ್ಯಾಳ್ಯಾ ಸಿಗ್ತದ.”