ಒಂದೇ ಗೆರೆ, ಎರಡು ಕಡಲು

ಪಕ್ಕದ ಮನೆಯ ಅಕ್ಕನಿಗೆ ಭೂಪಟದ ಮೇಲೆ ಸಿಟ್ಟು ಬಂದಿದೆ. ಮೊಮ್ಮಗನ ಅಟ್ಲಾಸಿನಲ್ಲಿ ಮಂಗಳೂರಿಗೆ ಸ್ಕೇಲು ಇಟ್ಟು ಬಲಕ್ಕೆ ಗೆರೆ ಎಳೆದರೆ ಅದು ಬೆಂಗಳೂರನ್ನು ಸವರಿಕೊಂಡು ಹೆಚ್ಚುಕಮ್ಮಿ ಚೆನ್ನೈಗೇ ಹೋಗಿ ನಿಲ್ಲುತ್ತದೆ. ಚೆನ್ನೈಯಲ್ಲಿ ಅವರ ಮಗಳಿದ್ದಾಳೆ.

“ಅಲ್ಲ ಮಾಷ್ಟ್ರೇ, ಇಲ್ಲಿಯೂ ಕಡಲು, ಅಲ್ಲಿಯೂ ಕಡಲು. ಗೆರೆ ಬೇರೆ ಒಂದೇ. ಮತ್ತೆ ಎಂತಕ್ಕೆ ಅವಳು ದಿನಾ ಫೋನ್ ಮಾಡಿ ‘ಅಮ್ಮಾ, ಬೆಂದು ಹೋದೆ’ ಅಂತ ಹೇಳುವುದು?” ಪಾಗಾರದ ಆಚೆ ಚಾಪೆಯ ಮೇಲಿನ ಹಲಸಿನ ಹಪ್ಪಳ ಮಗುಚುತ್ತಲೇ ಕೇಳಿದರು. ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆ ಹತ್ತಿರ ಬಂದಿತ್ತು. ಹಪ್ಪಳ ಮೊದಲೋ ಮಳೆ ಮೊದಲೋ ಎನ್ನುವ ದಿನಗಳು.

ನಿವೃತ್ತ ಮೇಷ್ಟರನ್ನು ಇಂಥದ್ದು ಕೇಳಬಾರದು. ಕೇಳಿದರೆ ಹಪ್ಪಳ ಒಣಗುವ ತನಕ ಬಿಡುವುದಿಲ್ಲ.

“ಅಕ್ಕಾ, ಆ ಗೆರೆ ಬರೀ ಸೂರ್ಯನ ಲೆಕ್ಕ. ಏಪ್ರಿಲ್ ಕೊನೆಯ ವಾರ ನಡುಹಗಲಿಗೆ ಅವನು ಸರೀ ನೆತ್ತಿಯ ಮೇಲೆ. ನೆಟ್ಟ ಕೋಲಿಗೆ ನೆರಳಿಲ್ಲ. ನಿಮಗೂ ಅಷ್ಟೇ, ಮಗಳಿಗೂ ಅಷ್ಟೇ. ಆಗಸ್ಟಿನಲ್ಲಿ ಇನ್ನೊಮ್ಮೆ ಹಾಗೆಯೇ ಬರುತ್ತಾನೆ.”

“ಆಗಸ್ಟಿನಲ್ಲಿ ಇಲ್ಲಿ ಸೂರ್ಯನನ್ನು ಕಂಡವರು ಯಾರು ಮಾರಾಯ್ರೆ!”

ಅಲ್ಲಿಗೆ ಅರ್ಧ ಪಾಠ ಅವರೇ ಮುಗಿಸಿದಂತಾಯಿತು. ಅಕ್ಷಾಂಶ ಹೇಳುವುದು ಸೂರ್ಯ ಎಲ್ಲಿ ನಿಲ್ಲುತ್ತಾನೆ ಎಂದಷ್ಟೇ. ಊರಿನ ಹವೆ ಹೇಗಿರಬೇಕು ಎನ್ನುವುದು, ಗಾಳಿ ಯಾವ ಕಡೆಯಿಂದ ಬಂತು, ದಾರಿಯಲ್ಲಿ ಏನೇನು ಸಿಕ್ಕಿತು ಎನ್ನುವುದರ ಮೇಲೆ.

ಜೂನ್ ಗಾಳಿ ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುತ್ತದೆ. ಕರಾವಳಿ ದಾಟಿದ್ದೇ ತಡ, ಎದುರಿಗೆ ಘಟ್ಟ. ಅದು ಗಾಳಿಯ ಟೋಲ್‌ಗೇಟ್. ಸುಂಕ ಕಟ್ಟದೆ ಆಚೆ ಬಿಡುವುದಿಲ್ಲ. ಮೇಲೇರಿದಂತೆ ಗಾಳಿ ತಣಿಯುತ್ತದೆ, ತಣಿದಷ್ಟೂ ಆವಿ ಮೋಡವಾಗಿ ಸುರಿಯುತ್ತದೆ. ಹಾಗಾಗಿ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿದ ಮಳೆ, ಮಂಗಳೂರಿಗೆ 3,500 ಮಿ.ಮೀ.ಗೂ ಮೇಲೆ. ಸುಂಕ ಕಟ್ಟಿ ಬರಿಗೈಯಾದ ಗಾಳಿ ಆಚೆ ಬದಿ ಇಳಿಯುತ್ತಾ ಬಿಸಿಯಾಗುತ್ತದೆ, ಕಾದ ಬಯಲುಸೀಮೆ ದಾಟುತ್ತಾ ಇನ್ನಷ್ಟು ಒಣಗುತ್ತದೆ. ಬೆಂಗಳೂರು ಅದೇ ಗೆರೆಯಲ್ಲಿದ್ದರೂ 900 ಮೀಟರ್ ಎತ್ತರದಲ್ಲಿ ಕೂತು ಬಚಾವಾಯಿತು. ಚೆನ್ನೈಗೆ ಆ ಭಾಗ್ಯವಿಲ್ಲ.

“ಅವಳ ಮನೆಯಿಂದ ಬೀಚಿಗೆ ನಡೆದೇ ಹೋಗಬಹುದು. ಕಡಲ ಗಾಳಿ ಬೀಸುವುದಿಲ್ವಾ?”

ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು, ಕಡಲ ಕಡೆಯ ತಂಪು ಗಾಳಿ ಒಳಗೆ ನುಗ್ಗುತ್ತದೆ. ಆದರೆ ಪಡುವಣದ ಬಿಸಿಗಾಳಿ ಜೋರಾಗಿದ್ದ ದಿನ ಅದನ್ನು ದಡದಲ್ಲೇ ತಡೆದು ನಿಲ್ಲಿಸುತ್ತದೆ. ಕಡಲ ಗಾಳಿ ತಡವಾದಷ್ಟು ಹೊತ್ತೂ ಪಾದರಸ ಏರುತ್ತಲೇ ಇರುತ್ತದೆ. 2003ರ ಮೇ 31ರಂದು ಚೆನ್ನೈ 45 ಡಿಗ್ರಿ ಮುಟ್ಟಿತ್ತು. ನಮ್ಮಲ್ಲಿ ಗಾಳಿ ಬರುವುದೇ ಕಡಲಿನಿಂದ, ಹಾಗಾಗಿ ಮೇ ತಿಂಗಳ ಸೆಕೆಯಲ್ಲೂ ಸಾಮಾನ್ಯವಾಗಿ ಮೂವತ್ತಮೂರು ಮೂವತ್ತನಾಲ್ಕಕ್ಕೆ ನಿಲ್ಲುತ್ತದೆ.

“ನಿಂತು ಪ್ರಯೋಜನ ಎಂತ? ಮಿಂದು ಬಂದ ಐದು ನಿಮಿಷಕ್ಕೆ ಪುನಃ ಮಿಂದ ಹಾಗೆ ಬೆವರು” ಎಂದರು ಅಕ್ಕ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

“ಮಳೆ ಬಾರದ ಊರಾದರೆ ಆ ವರ್ಷ ನೆರೆ ಬಂದದ್ದು ಹೇಗೆ? ಎರಡು ದಿನ ಅವಳ ಫೋನೇ ಇರಲಿಲ್ಲ.”

ಬಾರದ ಊರಲ್ಲ, ನಮಗೆ ಮುಗಿದ ಮೇಲೆ ಬರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಸಂಜೆ ಗುಡುಗಿ ಒಂದಿಷ್ಟು ಸುರಿಯುತ್ತದೆ. ಆದರೆ ವರ್ಷದ ಸುಮಾರು 1,400 ಮಿ.ಮೀ.ನಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಆಗ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬರುತ್ತದೆ, ಬಂಗಾಳ ಕೊಲ್ಲಿಯ ನೀರನ್ನು ಆ ದಡಕ್ಕೆ ತಂದು ಹಾಕುತ್ತದೆ. ಜೊತೆಗೆ ವಾಯುಭಾರ ಕುಸಿತ, ಚಂಡಮಾರುತ. 2015ರ ಡಿಸೆಂಬರ್ ಮೊದಲಲ್ಲಿ ತಾಂಬರಂನಲ್ಲಿ ಇಪ್ಪತ್ತನಾಲ್ಕು ಗಂಟೆಗೆ 49 ಸೆಂ.ಮೀ. ಸುರಿದದ್ದು ಹಾಗೆ. ಆ ಮೂರು ತಿಂಗಳು ಕೈಕೊಟ್ಟರೆ ಕೆರೆಗಳ ಗತಿ ಮುಗಿಯಿತು. 2019ರಲ್ಲಿ ಜೋಲಾರ್‌ಪೇಟೆಯಿಂದ ಚೆನ್ನೈಗೆ ರೈಲಿನಲ್ಲಿ ನೀರು ತರಿಸಬೇಕಾಯಿತು.

ಈಶಾನ್ಯದ ಆ ಗಾಳಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಒಣಗಿರುತ್ತದೆ. ಈಗ ಘಟ್ಟದ ಮಳೆನೆರಳಲ್ಲಿ ಕೂರುವ ಸರದಿ ನಮ್ಮದು. ಹಾಗೆಂದೇ ನವೆಂಬರಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಬೆಳತನಕ ಆಟ ಆಡುತ್ತವೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅದೇ ಡಿಸೆಂಬರಿನಲ್ಲಿ ಚೆನ್ನೈಯವರು ಸಂಗೀತ ಕಛೇರಿ ಕೇಳುವುದು ಸಭಾಗಳ ಸೂರಿನ ಕೆಳಗೆ.

“ಒಟ್ಟಾರೆ ಕಡಲಿದ್ದಲ್ಲಿ ಒಂದಲ್ಲ ಒಂದು ಹೊತ್ತಿಗೆ ಮಳೆ ಉಂಟು ಅಂತ ಆಯ್ತು.”

ಅದೂ ಇಲ್ಲ. ಪೆರುವಿನ ಲಿಮಾ ಸಮಭಾಜಕದಿಂದ ತೆಂಕಣಕ್ಕೆ 12 ಡಿಗ್ರಿಯಲ್ಲಿ, ಕಡಲ ದಡದಲ್ಲೇ ಇದೆ. ವರ್ಷಕ್ಕೆ ಎರಡು ಸೆಂ.ಮೀ. ಮಳೆಯೂ ಇಲ್ಲ. ಅದರ ಮಗ್ಗುಲಲ್ಲಿ ಹರಿಯುವ ಹಂಬೋಲ್ಟ್ ಪ್ರವಾಹದ ನೀರು ತಣ್ಣಗೆ. ಮೇಲಿನ ಗಾಳಿ ತಣಿದು ತಳದಲ್ಲೇ ಉಳಿಯುತ್ತದೆ, ಮೇಲೇರಿ ಮಳೆಯಾಗುವುದಿಲ್ಲ. ತಿಂಗಳುಗಟ್ಟಲೆ ಮಂಜು ಕವಿದಿರುತ್ತದೆ, ನೆಲ ಮಾತ್ರ ಮರುಭೂಮಿ. ಅದೇ ಖಂಡದ ಇನ್ನೊಂದು ದಡದಲ್ಲಿ, ಬ್ರೆಜಿಲಿನ ಸಾಲ್ವಡೋರ್ 13 ಡಿಗ್ರಿಯಲ್ಲಿದ್ದು, ಬೆಚ್ಚನೆಯ ಕಡಲಿನಿಂದ ಬರುವ ಗಾಳಿಯಲ್ಲಿ ಚೆನ್ನಾಗಿ ನೆನೆಯುತ್ತದೆ. ಲಿಮಾದ ಗುಡ್ಡದ ಜನ ಬಲೆ ಕಟ್ಟಿ, ಮಂಜು ತಾಗಿ ತೊಟ್ಟಿಕ್ಕಿದ ನೀರನ್ನು ಡ್ರಮ್ಮಿಗೆ ಹಿಡಿಯುತ್ತಾರೆ.

“ಬಲೆಯಲ್ಲಿ ನೀರು ಹಿಡಿಯುವುದಾ? ಬೆಂಗ್ರೆಯ ಮೀನುಗಾರರಿಗೆ ಹೇಳಿ ನೋಡಿ, ಮರ್ಲ್ ಅಂತಾರೆ!” ಅಕ್ಕ ಒಣಗಿದ ಹಪ್ಪಳಗಳನ್ನು ಡಬ್ಬಿಗೆ ಪೇರಿಸುತ್ತಾ ಸ್ವಲ್ಪ ಯೋಚಿಸಿದರು. “ಅಲ್ಲ ಮಾಷ್ಟ್ರೇ, ಇಲ್ಲಿ ಸುರಿಯುವಾಗ ಅಲ್ಲಿ ಒಣ, ಅಲ್ಲಿ ಸುರಿಯುವಾಗ ಇಲ್ಲಿ ಒಣ. ಹಾಗಾದ್ರೆ ನಮಗೂ ಮಗಳಿಗೂ ಸೇರಿ ಒಂದೇ ಕೊಡೆ ಸಾಕು. ಅಕ್ಟೋಬರಿಗೆ ಕೊರಿಯರ್ ಮಾಡಿದರಾಯ್ತು.”